ಬಾಣದ ತುದಿ

ಎಲ್ಲೋ ಯಾರಿಗೋ ಆದ ಕತೆಯಲ್ಲ ಇದು. ನಮ್ಮ ಪಕ್ಕದ ಮನೆಯ ಸುಭಾಸನಿಗೆ ಆದದ್ದು.

ಕೊನೆಯ ಟೆಂಪೋ ಅವನನ್ನು ಹಿರೇಬೆಂಡಿಗೇರಿಯಲ್ಲಿ ಇಳಿಸಿ ಹೋದಾಗ ಹನ್ನೊಂದು ದಾಟಿತ್ತು. ಮನೆ ಮುಟ್ಟಬೇಕೆಂದರೆ ಶಾಲೆಯ ಹಿಂದಿನ ಆಲದ ಮರ ದಾಟಲೇಬೇಕು. ಆದರೂ ಅವನ ಮನಸ್ಸು ಹಗುರಾಗಿತ್ತು. ಆ ದಿನ ರಾಘಣ್ಣನವರು ಅವನಿಗೆ ಮೊದಲ ಸಲ ‘ಭೇಷ್’ ಅಂದಿದ್ದರು.

ರಾಘಣ್ಣ ಶಿಗ್ಗಾವಿಯಲ್ಲಿ ಇಂಜಿನಿಯರು. ಸುಭಾಸ ಅವರ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುವವನು. ರಾಘಣ್ಣನವರ ಕಟ್ಟುನಿಟ್ಟು ತಾಲೂಕಿಗೇ ಗೊತ್ತು. ಟಿಪ್ಪಣಿಗಳೆಲ್ಲ ಹಾಳೆಯ ಬಲಗಡೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅಕ್ಷರದ ಎತ್ತರ ಒಂದೇ ಇರಬೇಕು. ಟಿಪ್ಪಣಿಯಿಂದ ಹೊರಡುವ ಬಾಣಗಳು ಒಂದನ್ನೊಂದು ದಾಟಬಾರದು. ದಾಟಿದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದರು.

ಆ ದಿನದ ನಕ್ಷೆ ಸುಭಾಸನ ಊರಿನದೇ. ಶಾಲೆಯ ಹಿಂದೆ ನೀರಿನ ಟ್ಯಾಂಕಿನ ಬುನಾದಿ. ಅಳತೆಯ ಜೊತೆ ಬಂದ ಟಿಪ್ಪಣಿಗಳೆಲ್ಲ ಸಾಲಾಗಿ ಕೂತವು, ಒಂದನ್ನು ಬಿಟ್ಟು. ‘ಮುಚ್ಚಿದ ಹಳೆ ಬಾವಿ. ಮೇಲೆ ಯಂತ್ರ ನಿಲ್ಲಿಸಬಾರದು.’ ಅದರ ಬಾಣ ಬೇರೆ ಎರಡು ಗೆರೆಗಳ ಮೇಲೆ ಹಾಯುತ್ತಿತ್ತು. ಮೂರು ಸಲ ಮಾಡಿ ನೋಡಿದ, ಕೂಡಲಿಲ್ಲ. ಕಡೆಗೆ ಬಾಣವನ್ನು ಮೋಟು ಮಾಡಿ, ತುದಿಯನ್ನು ಹತ್ತಿರದ ಖಾಲಿ ಜಾಗದ ಮೇಲೆ ಇಟ್ಟುಬಿಟ್ಟ. ಹಾಳೆ ಚೊಕ್ಕ ಕಂಡಿತು. ಅಚ್ಚಾಗಿ ಸಂಜೆಯೇ ಗುಂಡಿ ತೋಡುವ ಯಂತ್ರದವರ ಕೈ ಸೇರಿತು.

ಆಲದ ಹತ್ತಿರ ಬಂದಾಗ ಸಪ್ಪಳ ಕೇಳಿತು. ಕಿರ್ರ್... ಕಿರ್ರ್... ಬಾವಿಯ ಗಡಗಡಿ ತಿರುಗಿದ ಹಾಗೆ. ಆಮೇಲೆ, ಬಹಳ ಆಳದಲ್ಲಿ... ಡುಬುಕ್.

ಬಿಳಲುಗಳ ನಡುವೆ ಹೆಂಗಸೊಬ್ಬಳು ನಿಂತಿದ್ದಳು. ಸೆರಗು ಹಣೆಯ ತನಕ.

“ತಮ್ಮಾ... ಬಾವಿ ಎಲ್ಲೈತಿ?”

“ಇಲ್ಲಿ ಬಾವಿ ಇಲ್ಲಬೇ.”

“ಇಲ್ಲೇನು...? ಸಂಜಿಮುಂದ ನೀನ ಸರಸೀದಿಯಲ್ಲೋ.”

ಮೊಬೈಲಿನ ಬೆಳಕು ಹಾಕಿದ. ಬರೀ ಬಿಳಲುಗಳು... ಗಾಳಿಯಿಲ್ಲದೆ ಅಲ್ಲಾಡುತ್ತಿದ್ದವು.

ಆಗ ಅವನಿಗೆ ನೆನಪಾಯಿತು. ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಗುಂಡಿ ತೋಡಿ ಮುಗಿಸಬೇಕೆಂದು ಯಂತ್ರ ರಾತ್ರಿಯೇ ಬರುವುದಿತ್ತು. ಓಡಿಸುವವನು ಗುದ್ಲೆಪ್ಪ, ಸುಭಾಸನ ಅಕ್ಕ ನೀಲಾಳ ಗಂಡ. ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಅಷ್ಟರಲ್ಲಿ ಬಂಕಾಪುರದ ಕಡೆಯಿಂದ ಎರಡು ದೀಪ... ದಡದಡದಡ...

ಓಡಿದ. ಚಪ್ಪಲಿ ಕಿತ್ತುಹೋಯಿತು. ಮುಳ್ಳು ಚುಚ್ಚಿತು. ಕೂಗಿದರೆ ಯಂತ್ರದ ಸಪ್ಪಳದಲ್ಲಿ ದನಿ ಮುಳುಗಿತು. ಯಂತ್ರ ಬಯಲಿಗೆ ಇಳಿದು ನೇರ ಆ ಜಾಗಕ್ಕೇ ಹೊರಟಿತ್ತು. ಹಾಳೆಯಲ್ಲಿ ಆ ಜಾಗ ಈಗ ಚೊಕ್ಕವಾಗಿತ್ತಲ್ಲ... ಎರಡೂ ಕೈ ಚಾಚಿ ಗಾಲಿಯ ಮುಂದೆ ಹೋಗಿ ಬಿದ್ದ.

ಕೀಂ... ಬ್ರೇಕು. ಗುದ್ಲೆಪ್ಪ ತಲೆ ಹೊರಗೆ ಹಾಕಿದ.

“ಏನಲೇ ಸುಭಾಸ್ಯಾ, ನನ್ನ ಮದುವ್ಯಾಗ ಕುಣಿ ಅಂದ್ರ ನಾಚಿದಿ. ಈಗ ಗಾಡಿ ಮುಂದ ಕುಣೀತಿಯೇನು?”

“ಇಳೀರಿ ಮಾಮಾ... ಕಾಗದ ಸುಳ್ಳೈತಿ. ಬಾಣ ನಾನ ಸರಸೇನಿ. ಕೆಳಗ ಬಾವಿ ಐತಿ.”

ಗುದ್ಲೆಪ್ಪ ಇಳಿದ. ಹಾರೆ ತಂದು ಗಾಲಿಯಿಂದ ಒಂದು ಗೇಣು ಮುಂದೆ ಕುಟ್ಟಿದ. ಢಬ್... ಢಬ್... ಮೂರನೆಯ ಏಟಿಗೆ ಹಾರೆ ಕೈಜಾರಿ ನೆಲದೊಳಗೆ ಹೋಯಿತು. ಇಬ್ಬರೂ ಬಗ್ಗಿ ಕಿವಿಗೊಟ್ಟರು... ಬಹಳ ಹೊತ್ತಿನ ಮೇಲೆ ಕೆಳಗೆ, ಒಣ ಕಲ್ಲಿಗೆ, ಖಣ್.

ಗುದ್ಲೆಪ್ಪ ಬೆಳಗಿನ ತನಕ ಗಾಲಿ ಹಿಡಿದುಕೊಂಡು ಅಲ್ಲೇ ಕೂತ.

ಬೆಳಿಗ್ಗೆ ರಾಘಣ್ಣ ಬಂದರು. ಸುಭಾಸ ಏನನ್ನೂ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ಕೆಂಪು ಪೆನ್ನು ತೆಗೆದು, ಎರಡು ಗೆರೆಗಳನ್ನು ದಾಟಿಸಿ, ಬಾಣವನ್ನು ತಾವೇ ಬಾವಿಯ ತನಕ ಎಳೆದು ಸಹಿ ಮಾಡಿದರು. ಆಮೇಲೆ ಜಾಗ ಅಳೆದಿದ್ದ ಸರ್ವೇಯರ್ ವಸೀಮನನ್ನು ಕರೆಸಿದರು. ಇಂಥ ಬಾವಿ ಇದ್ದದ್ದನ್ನು ಬರೆದು ಸುಮ್ಮನಾದೆಯಲ್ಲ, ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಎಂದು ಕೇಳಿದರು.

ವಸೀಮ ಮುಖ ಮುಖ ನೋಡಿದ. “ಸಾಹೇಬ್ರ, ನಾ ಅಳೆದಾಗ ಅಲ್ಲಿ ಬರೇ ಹುಲ್ಲಿತ್ತು. ಬಾವಿ ಐತಿ ಅಂತ ನನಗ ಹೆಂಗ ಗೊತ್ತಾಗಬೇಕು?”

ಅಳತೆಯ ಪುಸ್ತಕ ಬಿಚ್ಚಿ ತೋರಿಸಿದ. ಗೋಡೆ ಇತ್ತು, ಆಲದ ಮರ ಇತ್ತು, ಲೈಟಿನ ಕಂಬ ಇತ್ತು. ಬಾವಿ ಇರಲಿಲ್ಲ. ಆ ಟಿಪ್ಪಣಿ ಸುಭಾಸ ಬರೆದದ್ದೂ ಅಲ್ಲ, ಅವನು ಸಾಲಿಗೆ ಕೂಡಿಸಿದ್ದಷ್ಟೇ. ರಾಘಣ್ಣನವರೂ ಬರೆದಿಲ್ಲ. ಬೇರೆ ಯಾರೂ ಆ ನಕ್ಷೆ ಮುಟ್ಟಿಲ್ಲ.

ನೀವು ನಕ್ಕರೂ ಸರಿ. ನಡೆದದ್ದು ಹೌದು. ವಸೀಮನ ಆ ಪುಸ್ತಕವನ್ನು ನಾನೇ ಕೈಯಲ್ಲಿ ಹಿಡಿದು, ಹಾಳೆ ಹಾಳೆ ತಿರುವಿ ನೋಡಿದ್ದೇನೆ.