ವ್ಯಾನಿನ ಹಿಂದಿನ ಸೀಟು

ಹೆಸರು ಮುನಿರಾಜ್, ತಂದೆ ತಿಮ್ಮಪ್ಪ, ವಯಸ್ಸು ಐವತ್ತೆರಡು, ಪಾಲಕೋಡ್ ಟೊಮೇಟೊ ಮಂಡಿಯಲ್ಲಿ ಲೋಡ್ ಇಳಿಸುವ ಕೆಲಸ, ಮೂರನೇ ಕ್ಲಾಸಿನವರೆಗೆ ಓದು, ವಾಸ ಪಾಲಕೋಡ್ ಶುಗರ್ ಮಿಲ್ ರಸ್ತೆ. ಕಾನ್‌ಸ್ಟೇಬಲ್ ಪ್ರಭಾಕರ್ ಅವರಿಗೆ ಕನ್ನಡ ಬರುವುದರಿಂದ ನಾನು ಹೇಳಿದಂತೆ ಬರೆದುಕೊಳ್ಳುತ್ತಿದ್ದಾರೆ. ನಾನು ಬರೆಸುವುದು ಏನೆಂದರೆ, ನಮ್ಮ ಅವ್ವನನ್ನು ಬಿಟ್ಟು ಹೊರಟದ್ದು ನಮಗೆ ಗೊತ್ತಾಗಲಿಲ್ಲ. ವ್ಯಾನಿನಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ.

ಕಾಣೆಯಾದವರು ನನ್ನ ಅವ್ವ ಸಿದ್ದಲಕ್ಷ್ಮಮ್ಮ, ವಯಸ್ಸು ಎಪ್ಪತ್ತನಾಲ್ಕು. ಕುಳ್ಳಗಿದ್ದಾರೆ. ಹಸಿರು ಸೀರೆ ಉಟ್ಟಿದ್ದರು. ಬಲಗಾಲ ಮಂಡಿ ನೋವು. ನನ್ನನ್ನು ಮುನಿಯಾ ಎಂದು ಕರೆಯುವುದು ಅವರೊಬ್ಬರೇ.

ಮೆಟ್ಟೂರು ಅಣೆ ಕಟ್ಟಿದಾಗ ನಮ್ಮ ಮುತ್ತಾತನ ಊರು ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಮನೆಗಳ ಹೊಸ್ತಿಲ ಕಲ್ಲುಗಳು ಮೇಲೆ ಬರುತ್ತವೆ. ಆಗ ಆ ಊರಿನ ಸಂಸಾರಗಳೆಲ್ಲ ಬಂದು ತಮ್ಮ ತಮ್ಮ ಹೊಸ್ತಿಲ ಹತ್ತಿರ ಕೂತು ಉಣ್ಣುತ್ತವೆ. ಮನೆಯ ಹಿರಿಯ ಹೆಂಗಸು ಒಂದು ಎಲೆ ಹೆಚ್ಚಿಗೆ ಹಾಕಿ, ನೀರಿನ ಕಡೆ ತಿರುಗಿ, ಸತ್ತವರನ್ನು ಊಟಕ್ಕೆ ಕರೆಯಬೇಕು. ಊಟ ಆದ ಮೇಲೆ, ಉಂಡಿರಲ್ಲ, ನೀವು ಇಲ್ಲೇ ಇರಿ, ನಾವು ಹೋಗುತ್ತೇವೆ ಎಂದು ಹೇಳಿ ಬರಬೇಕು. ಕರೆದವರೇ ಕಳಿಸಬೇಕು. ಇದು ನಮ್ಮಲ್ಲಿ ನಡೆದು ಬಂದ ರೀತಿ.

ಈ ವರ್ಷ ಊರ ಕಮಿಟಿಯವರು ಇದನ್ನೇ ಚರಿತ್ರೆ ಹಬ್ಬ ಎಂದು ದೊಡ್ಡದಾಗಿ ಮಾಡಿದರು. ಪೆಂಡಾಲ್, ಮೈಕ್ ಸೆಟ್, ಮುಳುಗಿದ ಊರಿನ ಹಳೇ ಫೋಟೋಗಳ ಫ್ಲೆಕ್ಸ್ ಎಲ್ಲ ಇತ್ತು. ಈ ದಿನ ಬೆಳಿಗ್ಗೆ ನಾನು, ಅವ್ವ, ನನ್ನ ಹೆಂಡತಿ ಮುನಿಲಕ್ಷ್ಮಿ, ಮಗಳು ಸಂಗೀತಾ, ಮತ್ತು ನನ್ನ ತಮ್ಮನ ಸಂಸಾರ ಕಣ್ಣನ್ ಎಂಬವರ ವ್ಯಾನಿನಲ್ಲಿ ಬಂದೆವು. ಬರುವಾಗ ಹಿಂದಿನ ಉದ್ದ ಸೀಟಿನಲ್ಲಿ ಅವ್ವ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಪಾತ್ರೆಗಳನ್ನು ಇಟ್ಟಿದ್ದೆವು.

ಮಧ್ಯಾಹ್ನ ಅವ್ವ ಎಲೆ ಹಾಕಿ, ಮುದ್ದೆ, ಅವರೆಕಾಳು ಸಾರು ಬಡಿಸಿ, ನೀರಿನ ಕಡೆ ಕರೆದರು. ನಾವೆಲ್ಲ ಉಂಡು ಕೈ ತೊಳೆಯುತ್ತಿದ್ದಾಗ ಮೈಕಿನಲ್ಲಿ ನಮ್ಮ ಹೆಸರು ಕೂಗಿದರು. ಹಳೇ ಊರಿನ ಸಾಮಾನು ತಂದವರಿಗೆ ಬಹುಮಾನ ಇತ್ತು. ಅವ್ವನ ಹಿತ್ತಾಳೆ ಸೇರಿಗೆ ಮೊದಲ ಬಹುಮಾನ ಬಂದಿದೆ, ಕುಟುಂಬದವರು ಉಡನೇ ಮೇಡೈಗೆ, ಅಂದರೆ ಕೂಡಲೇ ವೇದಿಕೆಗೆ, ಬರಬೇಕು ಎಂದರು. ನಾನು ಅವ್ವನ ಕೈ ಹಿಡಿದು ಎಬ್ಬಿಸಿದೆ.

"ಇರ್ಲಾ ಮುನಿಯಾ, ಅವ್ರನ್ನ ಇನ್ನೂ ಕಳ್ಸಿಲ್ಲ ಕಣ್ಲಾ" ಎಂದರು ಅವ್ವ.

"ಕಳ್ಸದಿದ್ರೆ ಏನವ್ವಾ, ವ್ಯಾನ್ ಅತ್ತುತಾರಾ? ಇಂದೆ ಸೀಟು ಖಾಲಿ ಐತೆ, ಬರ್ಲಿ ಬಿಡು. ಟಿಕೆಟ್ ಏನು ಕೇಳಾಕಿಲ್ಲ ನಮ್ ಡ್ರೈವರ್ ಕಣ್ಣನ್" ಎಂದೆ.

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ.

ಬಹುಮಾನವಾಗಿ ಒಂದು ಹಾಟ್‌ಬಾಕ್ಸ್ ಕೊಟ್ಟರು. ಫೋಟೋ ತೆಗೆದರು. ಆಮೇಲೆ ಅವ್ವ, ಹೇಳಿ ಬಂದುಬಿಡುತ್ತೇನೆ ಎಂದು ಹೊಸ್ತಿಲ ಕಡೆ ಹೋದರು. ನಾನು ಪಾತ್ರೆ ಹೊತ್ತು ವ್ಯಾನಿಗೆ ಬಂದೆ. ಸ್ವಲ್ಪ ಹೊತ್ತಿಗೆ ಹಸಿರು ಸೀರೆ ಹಿಂದಿನ ಬಾಗಿಲಿನಿಂದ ಹತ್ತಿದ್ದನ್ನು ನೋಡಿದೆ. ಸೀರೆಯ ಅಂಚು ತೊಯ್ದಿತ್ತು. ನೀರಿಗೆ ಇಳಿದಿರಬೇಕು ಎಂದುಕೊಂಡೆ. ಮುಖ ನೋಡಲಿಲ್ಲ. ಮೂರು ಗಂಟೆಗೆ ಹೊರಟೆವು.

ದಾರಿಯಲ್ಲಿ ಮುನಿಲಕ್ಷ್ಮಿ ತೊಡೆಯ ಮೇಲೆ ಕುಕ್ಕರ್ ಇಟ್ಟುಕೊಂಡಿದ್ದಳು. ಹಿಂದೆ ಇಡು ಎಂದೆ.

"ಎಲ್ಲಿ ಇಡ್ಲಿ? ಇಂದೆ ಪೂರ್ತಿ ಕುಂತವ್ರೆ" ಎಂದಳು.

"ಮುದ್ದೆ ತಿಂದು ಎಲ್ರೂ ಎರಡೆರಡು ಆಗಿದೀರಾ" ಎಂದೆ. ಆಗಲೂ ನಕ್ಕರು.

ಮೇಚೇರಿಯಲ್ಲಿ ನಾಲ್ಕು ಗಂಟೆ ಸುಮಾರಿಗೆ ಟೀ ಕುಡಿಯಲು ನಿಲ್ಲಿಸಿದೆವು. ಮಂಡಿನೋವಿನವರು ಇಳಿಯುವುದು ಬೇಡ ಎಂದು ನಾನು ಹಿಂದಿನ ಕಿಟಕಿಗೆ ಟೀ ಗ್ಲಾಸು ಕೊಟ್ಟೆ. ಒಳಗಿನಿಂದ ಕೈ ಬಂದು ತೆಗೆದುಕೊಂಡಿತು. ಕೈ ಒದ್ದೆಯಾಗಿತ್ತು, ಬಹಳ ತಣ್ಣಗಿತ್ತು. ಗ್ಲಾಸು ವಾಪಸು ಬಂದಾಗ ಅದರಲ್ಲಿ ತುಂಬ ನೀರಿತ್ತು. ಅಡಿಯಲ್ಲಿ ಅಣೆಯ ಕರೀ ಕೆಸರು ಕೂತಿತ್ತು.

ಅವ್ವಾ ಎಂದು ಕರೆದೆ. ಬಾಗಿಲು ತೆಗೆದು ನೋಡಿದರೆ ಸೀಟಿನಲ್ಲಿ ಯಾರೂ ಇರಲಿಲ್ಲ. ಸೀಟು ಈ ತುದಿಯಿಂದ ಆ ತುದಿಯವರೆಗೆ ನೆನೆದಿತ್ತು. ಅದರ ಮುಂದಿನ ಸೀಟಿನಲ್ಲಿ ಕೂತಿದ್ದ ಸಂಗೀತಾ, ದಾರಿಯುದ್ದಕ್ಕೂ ಪಾಟಿಯ, ಅಂದರೆ ಅಜ್ಜಿಯ, ಮೊಣಕಾಲು ತನ್ನ ಬೆನ್ನಿಗೆ ಒತ್ತುತ್ತಿತ್ತು ಎಂದಳು.

ಕೂಡಲೇ ವಾಪಸು ತಿರುಗಿಸಿದೆವು. ಹಬ್ಬದ ಜಾಗದಲ್ಲಿ ಪೆಂಡಾಲ್ ಬಿಚ್ಚುತ್ತಿದ್ದರು. ನಮ್ಮ ಹೊಸ್ತಿಲ ಹತ್ತಿರ ಅವ್ವನ ಚಪ್ಪಲಿ ನೀರಿನ ಕಡೆ ಮುಖ ಮಾಡಿ ಇತ್ತು. ಮಧ್ಯಾಹ್ನ ಬಡಿಸಿದ್ದ ಎಲೆ ನೆಕ್ಕಿದಂತೆ ಖಾಲಿಯಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಇತ್ತು. ಅದನ್ನು ನಾವು ಹಾಕಿರಲಿಲ್ಲ. ಅದರಲ್ಲೂ ಯಾರೋ ಉಂಡಿದ್ದರು, ಮೂಲೆಯ ಉಪ್ಪು ಮಾತ್ರ ಹಾಗೇ ಉಳಿದಿತ್ತು. ಎಲೆಗೆ ಬಡಿಸಿದ ಉಪ್ಪನ್ನು ಅವ್ವ ಯಾವತ್ತೂ ಮುಟ್ಟುವುದಿಲ್ಲ.

ಮೀನಿನವರು ಹರಿಗೋಲು ಹಾಕಿ ಹುಡುಕಿದರು. ಸಿಗಲಿಲ್ಲ. ನನಗೆ ಯಾರ ಮೇಲೂ ಅನುಮಾನ ಇಲ್ಲ.

ಕಮಿಟಿಯ ಹಿರಿಯರಾದ ರಾಮಪ್ಪ ಅವರನ್ನು ಕೇಳಿದೆ. ಕರೆದವಳು ಇಲ್ಲದಿದ್ದರೆ ಮಗ ಹೋಗಿ ಕಳಿಸುವ ಮಾತು ಹೇಳಬೇಕು, ಹೇಳದಿದ್ದರೆ ಸತ್ತವರು ನಿಮ್ಮ ಬೆನ್ನು ಬಿಡುವುದಿಲ್ಲ ಎಂದರು. ಹೇಳಿದರೆ ಅವ್ವ ಬರುತ್ತಾರಾ ಎಂದೆ. ರಾಮಪ್ಪ ತಲೆ ಬಗ್ಗಿಸಿದರು.

"ಆ ಮಾತು ಎಲೆ ಮುಂದೆ ಕುಂತೋರ್ಗೆಲ್ಲಾ ಸೇರ್ತದಪ್ಪಾ. ನಿಮ್ಮವ್ವನೂ ಕುಂತಿದ್ರೆ ಅವಳ್ಗೂ ಸೇರ್ತದೆ" ಎಂದರು.

ಹೇಳಿದರೆ ಅವ್ವನಿಗೂ ಇಲ್ಲೇ ಇರಿ ಎಂದಂತೆ, ಅದಕ್ಕೇ ನಾನು ಇನ್ನೂ ಹೇಳಿಲ್ಲ. ಇನ್ನೂ ಹುಡುಕಿಸಿ ಎಂದು ಕೇಳಿಕೊಳ್ಳಲು ದಂಡೆಯ ಈ ಪೊಲೀಸ್ ಟೆಂಟಿಗೆ ಬಂದೆ.

ಇಷ್ಟು ಬರೆಸುವಾಗ ಹೊತ್ತು ಪಾಲಮಲೆ ಬೆಟ್ಟದ ಹಿಂದಕ್ಕೆ ಇಳಿಯಿತು. ಈಗ ನೀರಿನ ಕಡೆಯಿಂದ ಒಂದು ಧ್ವನಿ ಕೇಳಿತು. ಪ್ರಭಾಕರ್ ಸಾರ್ ಪೆನ್ನು ನಿಲ್ಲಿಸಿ ಆ ಕಡೆ ನೋಡಿದರು. ಅವರಿಗೂ ಕೇಳಿಸಿದೆ, ಅದನ್ನೂ ಬರೆಯಲಿ.

"ಮುನಿಯಾ, ಎಲೆ ಆಕಿವ್ನಿ, ಉಣ್ಣಾಕ್ ಬಾರ್ಲಾ."

ಮುನಿಲಕ್ಷ್ಮಿ ನನ್ನ ಅಂಗಿ ಹಿಡಿದುಕೊಂಡಿದ್ದಾಳೆ. ಬಿಡಿಸಿಕೊಂಡು ಹೋಗುತ್ತೇನೆ. ಹೋಗಿ ಏನು ಹೇಳುತ್ತೇನೋ ಗೊತ್ತಿಲ್ಲ. ಮಂಡಿಯಲ್ಲಿ ಎಲ್ಲರೂ ನನ್ನನ್ನು ತಮಾಷೆಯವನು ಎನ್ನುತ್ತಾರೆ. ಮೇಲೆ ಬರೆಸಿದ್ದರಲ್ಲಿ ಒಂದು ಮಾತೂ ತಮಾಷೆಯದಲ್ಲ, ಎಲ್ಲ ನಡೆದದ್ದೇ. ಓದಿಸಿ ಕೇಳುವಷ್ಟು ಹೊತ್ತಿಲ್ಲ. ಅವ್ವ ಎರಡು ಸಲ ಕರೆಯುವವರಲ್ಲ.

ಸ್ಥಳ: ಮೆಟ್ಟೂರು ಅಣೆ ದಂಡೆ, ಹಬ್ಬದ ಪೊಲೀಸ್ ಟೆಂಟ್
ದಿನಾಂಕ: 12-05-2024
ಸಹಿ: ಮುನಿರಾಜ್