ಜೋಗುಪಾಳ್ಯದ ಶೆಡ್ಡು

ಜೀವನ್ ಬಿಮಾ ನಗರದ ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದೆ. ಒಳಗೆ ಬಂದ ಹೆಂಗಸನ್ನು ಕಂಡು ನನ್ನ ಪಕ್ಕದಲ್ಲಿದ್ದವರು ಎದ್ದು ನಿಂತರು.

“ತೇಜಶ್ರೀ! ಎಷ್ಟು ವರ್ಷ ಆಯ್ತು!”

“ಮುದಸ್ಸಿರ್! ನಾವು ಶುರು ಮಾಡಿದ ವೀಲ್‌ಚೇರ್ ಈಗ ದೇಶಕ್ಕೆಲ್ಲಾ ಹೋಗುತ್ತಂತೆ?”

“ಹೋಗುತ್ತೆ. ಆದ್ರೆ ಮೂರೇ ಸೈಜು. ಜೋಗುಪಾಳ್ಯದ ಶೆಡ್ಡಲ್ಲಿ ಒಂದೊಂದು ಮಗುಗೂ ಅಳತೆ ತಗೊಂಡು ಮಾಡ್ತಿದ್ವಲ್ಲ, ಅದು ನಿಂತೋಯ್ತು.”

“ಆ ಶೆಡ್ ಮುಚ್ಚಬೇಡ ಅಂತ ಹೇಳೋಕೆ ನಿನ್ನ ಆಫೀಸಿಗೆ ಬಂದಿದ್ದೆ. ಅಪಾಯಿಂಟ್‌ಮೆಂಟ್ ಇಲ್ಲ ಅಂತ ವಾಪಸ್ ಕಳ್ಸಿದ್ರು.”

“ನನಗೆ ಯಾರೂ ಹೇಳ್ಲೇ ಇಲ್ಲ. ಫೋನ್ ಮಾಡ್ಬಾರ್ದಿತ್ತಾ?”

“ಮಾಡ್ದೆ. ನಿನ್ನ ಸೆಕ್ರೆಟರಿ ಎತ್ತಿದ್ರು.”

ಮುದಸ್ಸಿರ್ ಜೇಬಿನಿಂದ ಫೋನ್ ತೆಗೆದರು.

“ಇನ್ಮೇಲೆ ನೇರ ನನಗೇ ಮಾಡು. ನಂಬರ್ ಕೊಡ್ತೀನಿ.”

“ಹಳೇ ನಂಬರ್ ತಾನೇ?”

“ಹೌದು.”

“ಆವತ್ತೂ ಆ ನಂಬರಿಗೇ ಮಾಡಿದ್ದು.”

ಅಷ್ಟರಲ್ಲಿ ನರ್ಸ್ ಮುದಸ್ಸಿರ್ ಹೆಸರು ಕೂಗಿದರು. ಎರಡನೇ ಸಲ ಕೂಗಿದ ಮೇಲೆ ಅವರು ಒಳಗೆ ಹೋದರು.