ನಕಲು ಮಾಡಿದವಳ ಸಾಕ್ಷಿ

ಹಲೋ… ಹಲೋ, ಯಾರು ಮಾತಾಡ್ತಿರೋದು?…

ಓ, ಮೇಷ್ಟ್ರೇ, ನೀವಾ. ಇಲ್ಲ ಇಲ್ಲ, ಸರಿಯಾದ ಮನೆಗೇ ಬಂದಿದೆ. ನಾನು, ಮಗಳು… ಹಾಂ, ಅಪ್ಪ ಇದ್ದಾರೆ. ಶನಿವಾರ ಆರು ಗಂಟೆಗೆ ಮೊದಲನೇ ರಿಂಗಿಗೇ ಅವರು ಎತ್ತಬೇಕು, ಗೊತ್ತು. ಇವತ್ತು ಎತ್ತಲಿಲ್ಲ. ಒಂಬತ್ತು ರಿಂಗ್ ಆಯ್ತು, ಎಣಿಸಿದೆ. ಒಳಗಿನ ಕೋಣೆಯಲ್ಲಿ ಬಾಗಿಲು ಮುಂದಕ್ಕೆ ಎಳ್ಕೊಂಡು ಮಲಗಿದ್ದಾರೆ…

ಜ್ವರ ಇಲ್ಲ. ಬಿಪಿ ಬೆಳಿಗ್ಗೆ ನೋಡಿದೆ, ನೂರಮೂವತ್ತಕ್ಕೆ ಎಂಬತ್ತು. ದೇಹದಲ್ಲಿ ಏನೂ ಇಲ್ಲ ಮೇಷ್ಟ್ರೇ…

ಕಾಗದ ತಲುಪಿತಾ? ಯಾವತ್ತು?… ಇವತ್ತೇನಾ. ಏನು ಬರೆದಿದ್ದಾರೆ ಅಂತ ನನಗೆ ತೋರಿಸಲಿಲ್ಲ. ಅಂಚೆ ಡಬ್ಬಿಗೆ ಹಾಕಿದ್ದಷ್ಟೇ ನಾನು. ಓದಿ, ಕೇಳ್ತೀನಿ…

ಹಾಂ… ಹಾಂ… ‘ಯೇಸು ಇತಿಹಾಸದಲ್ಲಿ ಇದ್ದ ವ್ಯಕ್ತಿ ಎಂಬ ವಾದದಲ್ಲಿ ನಾನು ಸೋತಿದ್ದೇನೆ.’ ಅಷ್ಟೇನಾ? ಕೆಳಗೆ ಸಹಿ?… ಒಂದೂ ತಿದ್ದುಪಡಿ ಇಲ್ವಾ? ಹೌದು, ಇರಲ್ಲ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಅದು. ಸೋಲನ್ನೂ ತಪ್ಪಿಲ್ಲದೆ ಬರೀತಾರೆ.

ಗೆದ್ರಲ್ಲ ಮೇಷ್ಟ್ರೇ. ನಾಲ್ಕು ವರ್ಷ ಪ್ರತಿ ಶನಿವಾರ ಫೋನಿನಲ್ಲಿ ವಾದ ಮಾಡಿ ಕಾಯ್ತಿದ್ದ ಕಾಗದ. ಚೌಕಟ್ಟು ಹಾಕಿಸಿ, ಗೋಡೆಗೆ ಹೊಡೀರಿ… ಇಲ್ಲ, ಚುಚ್ಚು ಮಾತಲ್ಲ. ಸುಸ್ತು ಅಷ್ಟೇ. ಇವತ್ತು ಲ್ಯಾಬಿನಲ್ಲಿ ನೂರ ನಲವತ್ತೆರಡು ಬಾಟಲಿ ನೀರು ಪರೀಕ್ಷೆ ಮಾಡಿ ಬಂದಿದ್ದೀನಿ. ಕಾಲು ನನ್ನವಲ್ಲ ಅನ್ನೋ ಹಾಗಿದೆ…

ನಿಮಗೆ ಖುಷಿಯಾಗ್ಲಿಲ್ವಾ? ಯಾಕೆ?… ಊಟ ಸೇರ್ಲಿಲ್ವಾ. ನೋಡಿ ಮತ್ತೆ.

ನಿಯಮ ನನಗೆ ಹೇಳ್ಬೇಡಿ, ಬರೆದಿದ್ದು ನಾನೇ. ವಾರಕ್ಕೊಂದು ಸಾಕ್ಷಿ, ಅಪ್ಪ ಕಾರ್ಡಿನಲ್ಲಿ ಬರೆದಿಟ್ಟಿದ್ದು. ಅಪ್ಪನಿಗೆ ಮೂರು ನಿಮಿಷ, ನಿಮಗೆ ಮೂರು ನಿಮಿಷ. ಓದಿ ಮುಗಿದ ಕಾರ್ಡಿಗೆ ಕೆಂಪು ಚುಕ್ಕಿ ಅಂಟಿಸಿ ತಗಡಿನ ಡಬ್ಬಕ್ಕೆ ಹಾಕೋದು, ಓದದೇ ಇರೋದು ಮರದ ಪೆಟ್ಟಿಗೆಯಲ್ಲಿ. ಒಂದೇ ಕಾರ್ಡು ಎರಡು ಸಲ ಓದಿದವರು ಸೋತ ಹಾಗೆ. ನಮ್ಮ ಲ್ಯಾಬಿನ ಪದ್ಧತಿ ಅದು, ಪರೀಕ್ಷೆ ಆದ ಬಾಟಲಿ ಮತ್ತೆ ಸಾಲಿಗೆ ಬರಬಾರದು. ನೀವಿಬ್ರೂ ಹೇಳಿದ್ದನ್ನೇ ಹೇಳ್ತಿದ್ರಿ, ಕೇಳಿ ಕೇಳಿ ಕಿವಿ ತೂತಾಗಿ ಈ ನಿಯಮ ಮಾಡಿದೆ…

ಹೌದು. ಹೋದ ಶನಿವಾರ ಅಪ್ಪ ಓದಿದ್ದು ಯೇಸುವಿನ ಮರಣದಂಡನೆ ಬಗ್ಗೆ ಬರೆದ ರೋಮನ್ ಇತಿಹಾಸಕಾರನ ಕಾರ್ಡು. ಅದನ್ನೇ ಎರಡೂವರೆ ವರ್ಷದ ಹಿಂದೆ ಓದಿದ್ರು. ‘ಇದು ಆಗಿಹೋಗಿದೆ ಸ್ವಾಮೀ, ಸೋತ್ರಿ’ ಅಂತ ನೀವು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತ್ತು…

ಆಮೇಲೆ ಏನಾಯ್ತು ಅಂತ ಹೇಳ್ತೀನಿ, ನಡುವೆ ಬಾಯಿ ಹಾಕಬೇಡಿ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಭಾನುವಾರ ಚರ್ಚಿಗೆ ಹೋಗಿ ಪಾದ್ರಿಗಳ ಹತ್ತಿರ ‘ಮುಂದಿನ ವಾರದಿಂದ ಬೈಬಲ್ ಪಾಠ ಓದೋಕೆ ಬೇರೆಯವರನ್ನ ನೋಡ್ಕೊಳ್ಳಿ’ ಅಂದು ಬಂದ್ರು. ಇಪ್ಪತ್ತೆರಡು ವರ್ಷ ಓದಿದ್ದಾರೆ ಮೇಷ್ಟ್ರೇ, ಕೆಮ್ಮು ಇದ್ದಾಗಲೂ ಬಿಟ್ಟವರಲ್ಲ. ಸೋಮವಾರ ಬೀಗದ ಕೈ ಗೊಂಚಲು ತಂದು ನನ್ನ ಕೈಗೆ ಕೊಟ್ರು. ಮಂಗಳವಾರ ನೋಡ್ತೀನಿ, ಗ್ಯಾಸ್ ಒಲೆ ಪಕ್ಕ ಚೀಟಿ ಅಂಟಿಸಿದ್ದಾರೆ, ‘ಆರಿಸಿದೆಯಾ?’ ಅಂತ…

ನಮ್ಮ ದೊಡ್ಡತ್ತೆ ನೆನಪಿದ್ದಾರಾ? ಅಪ್ಪನ ಅಕ್ಕ. ಕೊನೆಯ ಮೂರು ವರ್ಷ ‘ಬಸ್ಸು ಬಂತಾ, ಬಸ್ಸು ಬಂತಾ’ ಅಂತ ಒಂದೇ ಪ್ರಶ್ನೆ. ಅಪ್ಪನೇ ಪಕ್ಕದಲ್ಲಿ ಕೂತು ‘ಇನ್ನೂ ಇಲ್ಲಕ್ಕಾ’ ಅಂತಿದ್ರು. ಹಾಂ… ಅದೇ. ತನಗೂ ಅದೇ ಶುರುವಾಯ್ತು ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಒಂದು ಕಾರ್ಡಿನ ಸಾಕ್ಷಿಯ ಮೇಲೆ. ಬೇರೆಯವರು ಎರಡು ಸಲ ಬರೆದದ್ದನ್ನ ಜೀವಮಾನವೆಲ್ಲ ಹೊಡೆದು ಹಾಕಿದವರು ಅಲ್ವಾ…

ಏನಂದ್ರಿ?… ‘ನಾನೇ ಮೋಸ ಮಾಡಿದೆ’ ಅಂತ ಅಪ್ಪನಿಗೆ ಹೇಳ್ತೀರಾ? ‘ನೀವು ಮೊದಲು ಓದೇ ಇರಲಿಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಸುಳ್ಳು ಬರ್ಕೊಂಡಿದ್ದೆ’ ಅಂತಾನಾ? ಚೆನ್ನಾಗಿದೆ. ದೇವರಿಲ್ಲ ಅನ್ನೋರು ಸುಳ್ಳು ಸಾಕ್ಷಿ ಹೇಳೋದು, ದೇವರಿದ್ದಾನೆ ಅನ್ನೋರು ಅದನ್ನ ನಂಬೋದು. ಬೇಡ ಮೇಷ್ಟ್ರೇ. ಕರುಣೆಯ ವಾಸನೆ ಅವರಿಗೆ ಮೈಲಿ ದೂರದಿಂದ ಬರುತ್ತೆ. ಅದೂ ಅಲ್ಲದೆ ಸುಳ್ಳು ಬೇಕಾಗೇ ಇಲ್ಲ.

ಯಾಕಂದ್ರೆ… ಒಂದು ನಿಮಿಷ. ಬಾಗಿಲು ಸರಿಯಾಗಿ ಮುಚ್ಚಿದೆಯಾ ನೋಡ್ತೀನಿ…

ಹಾಂ, ಬಂದೆ. ತಪ್ಪು ಅಪ್ಪನದಲ್ಲ ಮೇಷ್ಟ್ರೇ. ನನ್ನದು…

ಹೇಗೆ ಅಂದ್ರೆ, ಹಳೇ ಕಾರ್ಡಿನ ಮೇಲೆ ಚಹಾ ಚೆಲ್ಲಿತ್ತು. ಆರು ತಿಂಗಳ ಹಿಂದೆ ಡಬ್ಬ ಒರೆಸುವಾಗ ಕಣ್ಣಿಗೆ ಬಿತ್ತು. ಕಲೆ ನೋಡಿದ್ರೆ ನನಗೆ ಕೈ ಸುಮ್ನಿರಲ್ಲ. ಹೊಸ ಕಾರ್ಡಿನಲ್ಲಿ ಅಚ್ಚುಕಟ್ಟಾಗಿ ನಕಲು ಮಾಡಿದೆ. ನಕಲಿಗೆ ಕೆಂಪು ಚುಕ್ಕಿ ಅಂಟಿಸೋದು ಮರೆತೆ. ಚುಕ್ಕಿ ಇಲ್ಲದ ಕಾರ್ಡು ಎಲ್ಲಿಗೆ ಹೋಗಬೇಕು? ಮರದ ಪೆಟ್ಟಿಗೆಗೆ. ಹೋಯ್ತು. ಪದ್ಧತಿ ಪ್ರಕಾರ ಎಲ್ಲಾ ಸರಿಯಾಗಿ ಮಾಡಿ ತಪ್ಪು ಮಾಡಿದ್ದೀನಿ…

ಅಕ್ಷರ ಗುರುತು ಸಿಗಲ್ಲ ಮೇಷ್ಟ್ರೇ. ನನಗೆ ಅಕ್ಷರ ತಿದ್ದಿಸಿದ್ದೇ ಅವರು, ನನ್ನ ‘ಕ’ ಅವರ ‘ಕ’ ಒಂದೇ. ಎರಡನ್ನೂ ತಾನೇ ಬರೆದು ಎರಡನ್ನೂ ಮರೆತೆ ಅಂದ್ಕೊಂಡಿದ್ದಾರೆ.

ಹೂಂ, ನಗಿ. ನಾಲ್ಕು ವರ್ಷದಿಂದ ನೀವು ಹೇಳ್ತಿರೋದೇ ಅದಲ್ವಾ? ಆ ಯೆಹೂದಿ ಇತಿಹಾಸಕಾರನ ಪುಸ್ತಕಕ್ಕೆ ನಕಲು ಮಾಡೋರು ನಡುವೆ ಯೇಸುವಿನ ಬಗ್ಗೆ ಸಾಲು ಸೇರಿಸಿದ್ರು, ಭಕ್ತಿ ಇರೋ ಕೈಗೆ ಲೇಖನಿ ಕೊಡಬಾರದು ಅಂತ. ನನಗೆ ಭಕ್ತಿಯೂ ಇಲ್ಲ. ಸ್ವಚ್ಛತೆಯ ಹುಚ್ಚು ಮಾತ್ರ…

ಯಾವತ್ತು ಗೊತ್ತಾಯ್ತು?… ಬುಧವಾರ. ತಗಡಿನ ಡಬ್ಬ ಪೂರ್ತಿ ಸುರುವಿ ನೋಡಿದೆ, ಚಹಾ ಕಲೆಯ ಕಾರ್ಡು ಸಿಕ್ಕಿತು, ಕೆಂಪು ಚುಕ್ಕಿ ಸಮೇತ.

ಇಲ್ಲ. ಅಪ್ಪನಿಗೆ ಹೇಳಿಲ್ಲ… ಮೂರು ದಿನ ಆಯ್ತು, ಹೌದು… ನಗಬೇಡಿ ಮೇಷ್ಟ್ರೇ, ಯೇಸು ಸಮಾಧಿಯಲ್ಲಿದ್ದ ಆ ಮೂರು ದಿನ ಅಲ್ಲ ಇದು.

ಯಾಕೆ ಅಂತ ಕೇಳ್ತೀರಾ… ಕೇಳೇ ಕೇಳ್ತೀರಿ. ಹೇಳ್ತೀನಿ. ನನಗೆ ಸಾಕಾಗಿತ್ತು. ಇಪ್ಪತ್ತಾರು ವಯಸ್ಸು ನನಗೆ. ನಾಲ್ಕು ವರ್ಷದ ಶನಿವಾರ ಸಂಜೆ ಎಲ್ಲಾ ಈ ಸ್ಟೂಲಿನ ಮೇಲೆ, ಲ್ಯಾಬಿನ ಟೈಮರ್ ಹಿಡ್ಕೊಂಡು. ಅವನು ಇದ್ದ, ಅವನು ಇರಲಿಲ್ಲ. ಕೊನೆಯಲ್ಲಿ ಇಬ್ರೂ, ‘ವಿಜ್ಞಾನ ಓದಿದ ಹುಡುಗಿ, ನೀನೇ ಹೇಳು.’ ಏನು ಹೇಳ್ಲಿ? ಹಾಗೊಬ್ಬ ಮನುಷ್ಯ ಬದುಕಿದ್ದ, ಶಿಲುಬೆಗೆ ಹಾಕಿದ್ರು ಅನ್ನೋಕೆ ನನಗೆ ಸಾಕ್ಷಿ ಸಾಕು. ಸತ್ತವನು ಎದ್ದು ಬಂದ ಅನ್ನೋದನ್ನ ನನ್ನ ಬಾಟಲಿಯಲ್ಲಿ ಪರೀಕ್ಷೆ ಮಾಡೋಕೆ ಆಗಲ್ಲ. ಎರಡು ಬೇರೆ ಬೇರೆ ಪ್ರಶ್ನೆ. ನೀವು ಎರಡನೆಯದನ್ನ ಹೊಡೆಯೋಕೆ ಮೊದಲನೆಯದಕ್ಕೆ ಕಲ್ಲು ಎಸೀತೀರಿ, ಅಪ್ಪ ಮೊದಲನೆಯದನ್ನ ಹಿಡ್ಕೊಂಡು ಎರಡನೆಯದನ್ನೂ ಗೆದ್ದೆ ಅಂತಾರೆ. ಇನ್ನೂರು ಸಲ ಹೇಳಿದೆ. ಇಬ್ರಿಗೂ ಕಿವಿ ಇಲ್ಲ…

ಹಾಗಾಗಿ ಬುಧವಾರ ಆ ಕಾರ್ಡು ಕೈಯಲ್ಲಿ ಹಿಡ್ಕೊಂಡು ಕೂತಾಗ ಅನ್ನಿಸ್ತು, ಹೇಳಿದ್ರೆ ಮತ್ತೆ ಶುರು. ಹೇಳದಿದ್ರೆ ಶನಿವಾರ ನನ್ನದು. ಅಷ್ಟೇ ಮೇಷ್ಟ್ರೇ. ಅಷ್ಟು ಸಣ್ಣ ಕಾರಣ…

ಬೈಯಿರಿ, ಪರವಾಗಿಲ್ಲ… ಬೈಯಲ್ವಾ? ಹೂಂ.

ಇವತ್ತೇ ಹೇಳ್ಬೇಕು. ನಾಳೆ ಬೆಳಿಗ್ಗೆ ಚರ್ಚಿನಲ್ಲಿ ಅವರ ಜಾಗದಲ್ಲಿ ಇನ್ನೊಬ್ಬರು ನಿಂತು ಓದ್ತಾರೆ. ಒಮ್ಮೆ ಕೊಟ್ಟ ಜಾಗ ಅವರು ವಾಪಸ್ ಕೇಳೋರಲ್ಲ. ಆದ್ರೆ ನಾನೊಬ್ಬಳೇ ಹೇಳಿದ್ರೆ, ಮಗಳು ಕನಿಕರದಿಂದ ಕಥೆ ಕಟ್ಟಿದಳು ಅಂತಾರೆ. ನೀವು ಎದುರಾಳಿ. ನಿಮ್ಮ ಮಾತಿಗೆ ತೂಕ. ನಿಮ್ಮ ನೋಟ್‌ಬುಕ್ ಇದೆಯಾ ಹತ್ತಿರ?… ತೆಗೀರಿ. ಅವತ್ತು ನೀವು ಪುಟ ಹಿಂದೆ ತಿರುವಿ ನೋಡಿದ ಮೇಲೆ ತಾನೆ ಕೂಗಿದ್ದು? ಎಷ್ಟು ಹೊತ್ತಿಗೆ?… ಎರಡು ನಿಮಿಷ ಉತ್ತರ ಕೊಟ್ಟ ಮೇಲಾ? ಅಂದ್ರೆ ನಿಮಗೂ ನೆನಪಿರಲಿಲ್ಲ! ಅದೇ ಕಾರ್ಡಿಗೆ ಅದೇ ಉತ್ತರ ಕೊಡ್ತಾ ಇದ್ರಿ! ಮೇಷ್ಟ್ರೇ, ಬೀಗದ ಕೈ ನೀವೂ ಯಾರಿಗಾದ್ರೂ ಕೊಡಬೇಕಾಗಿತ್ತು ಹಾಗಾದ್ರೆ…

ಈಗ ಹಳೇ ಪುಟ ನೋಡಿ. ಅಪ್ಪ ಓದಿದ್ದನ್ನ ಬರ್ಕೊಂಡಿದ್ದೀರಾ? ಕೊನೆಯಲ್ಲಿ ಏನಿದೆ?… ಹಾಂ. ಹಾಂ, ಸರಿ. ಜೋರಾಗಿ ಓದಬೇಡಿ. ಹೋದ ವಾರದ ಪುಟದಲ್ಲಿ ಅದು ಇದೆಯಾ?… ಇಲ್ಲ. ಅಲ್ವಾ. ಆ ಸಾಲು ಚಹಾ ಕಲೆಯ ಅಡಿಯಲ್ಲಿತ್ತು, ನನಗೆ ಕಾಣಲಿಲ್ಲ, ಬಿಟ್ಟುಹೋಯ್ತು. ಬುಧವಾರ ಕಿಟಕಿಗೆ ಹಿಡಿದಾಗಲೇ ಕಂಡಿದ್ದು. ಅದನ್ನ ಹಾಗೇ ಬೆರಳಿಟ್ಟು ಹಿಡ್ಕೊಂಡಿರಿ. ಫೋನ್ ಇಡಬೇಡಿ…

ಅಪ್ಪಾ… ಅಪ್ಪಾ, ಎದ್ರಾ? ಮೇಷ್ಟ್ರು ಫೋನಿನಲ್ಲಿದ್ದಾರೆ… ಮಾತಾಡ್ಬೇಡಿ, ಸರಿ, ಸುಮ್ನೆ ಕೂತ್ಕೊಳ್ಳಿ ಸಾಕು. ಹೋದ ವಾರ ಓದಿದ ಈ ಕಾರ್ಡು ನೋಡಿ. ಇದು ನೀವು ಬರೆದಿದ್ದಲ್ಲ ಅಪ್ಪಾ. ನಾನು ಬರೆದಿದ್ದು. ನಿಮ್ಮ ಹಳೇ ಕಾರ್ಡನ್ನ ನಕಲು ಮಾಡಿದ್ದು…

ಮೇಷ್ಟ್ರೇ, ಇದ್ದೀರಾ? ಹಳೇ ಕಾರ್ಡು ನನ್ನ ಹಿಂದೆ ಇಟ್ಕೊಂಡಿದ್ದೀನಿ. ತೋರಿಸಿಲ್ಲ… ನಂಬಲಿಲ್ಲ. ತಲೆ ಆಡಿಸ್ತಿದ್ದಾರೆ, ‘ನನ್ನನ್ನ ಸಮಾಧಾನ ಮಾಡ್ಬೇಡ’ ಅಂತ… ಕಾರ್ಡು ಕೆಳಗಿಟ್ರು… ಮತ್ತೆ ಎತ್ಕೊಂಡ್ರು. ಕನ್ನಡಕ ಹಣೆಗೇರಿಸಿ ಕಣ್ಣಿಗೆ ಹತ್ತಿರ ಹಿಡಿದಿದ್ದಾರೆ…

ಏನಪ್ಪಾ?… ಏನು ಬಿಟ್ಟುಹೋಗಿದೆ?…

ಮೇಷ್ಟ್ರೇ. ಮೇಷ್ಟ್ರೇ, ಕೇಳಿಸ್ತಾ? ‘ಇಲ್ಲಿ ಒಂದು ಸಾಲು ಇಲ್ಲ’ ಅಂತ ಆ ಸಾಲನ್ನ ನೆನಪಿನಿಂದಲೇ ಹೇಳ್ತಿದ್ದಾರೆ. ‘ಬರೆದವನು ಭಕ್ತನಲ್ಲ, ಈ ಮತವನ್ನು ಹಾನಿಕರ ಮೂಢನಂಬಿಕೆ ಎಂದು ಜರಿದವನು. ಹಗೆಯವನ ಬಾಯಿಂದ ಬಂದ ಸಾಕ್ಷಿ.’ ನೋಟ್‌ಬುಕ್ ನೋಡಿ ಹೇಳಿ, ನಿಮ್ಮ ಬೆರಳಿನ ಕೆಳಗೆ ಏನಿದೆ?…

ಅಕ್ಷರಕ್ಕೆ ಅಕ್ಷರ?…

ಅಲ್ಪವಿರಾಮವೂ?… ಅಯ್ಯೋ ಮೇಷ್ಟ್ರೇ.

ತಡೀರಿ. ಒಂದು ಕ್ಷಣ ತಡೀರಿ, ಕಣ್ಣು ಒರೆಸ್ಕೋತೀನಿ… ಸರಿ. ಹಳೇ ಕಾರ್ಡು ಈಗ ಕೊಟ್ಟೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತಿದ್ದಾರೆ. ಪೆನ್ಸಿಲ್ ಕೇಳಿದ್ರು. ನನ್ನ ನಕಲಿನ ಅಂಚಿನಲ್ಲಿ ‘ಸಾಲು ಬಿಟ್ಟಿದೆ’ ಅನ್ನೋ ಗುರುತು ಹಾಕ್ತಿದ್ದಾರೆ, ಅಚ್ಚುಕೂಟದಲ್ಲಿ ಹಾಕ್ತಿದ್ರಲ್ಲ, ಹಾಗೆ. ಬಾಯಿ ಬಿಗಿ ಹಿಡಿದಿದ್ದಾರೆ. ನಗುವೋ ಸಿಟ್ಟೋ ಗೊತ್ತಾಗ್ತಿಲ್ಲ…

ಏನಪ್ಪಾ?… ಯಾವತ್ತಿನಿಂದ ಗೊತ್ತು ಅಂತಾನಾ…

ಬುಧವಾರದಿಂದ.

…ಪೆನ್ಸಿಲ್ ನಿಲ್ತು ಮೇಷ್ಟ್ರೇ. ಆ ಕಡೆ ತಿರುಗಿ ಕೂತಿದ್ದಾರೆ…

ಹಾಂ? ಇಲ್ಲಿದೆ ಅಪ್ಪಾ. ಇಗೋ… ಟೈಮರ್ ಕೇಳಿದ್ರು. ನನ್ನ ಕೈಯಿಂದ ತಗೊಂಡು ತಮ್ಮ ತೊಡೆ ಮೇಲೆ ಇಟ್ಕೊಂಡ್ರು. ‘ಇನ್ಮೇಲೆ ಇದು ನನ್ನ ಹತ್ತಿರ ಇರಲಿ. ನೀನು ಹೋಗಮ್ಮ, ಗಾಳಿಗೆ ತಿರುಗಾಡಿ ಬಾ’ ಅಂತಾರೆ. ನಾಳೆ ಬೆಳಿಗ್ಗೆ ಓದೋ ಪಾಠ ಮೇಜಿನ ಮೇಲೆ ತೆಗೆದಿಟ್ಟು ಹೋಗ್ಬೇಕಂತೆ. ಪಾದ್ರಿಗಳಿಗೆ ಫೋನ್ ತಾವೇ ಮಾಡ್ತಾರಂತೆ, ನಿಮ್ಮ ಮೂರು ನಿಮಿಷ ಮುಗಿದ ಮೇಲೆ…

ಸಿಕ್ಕಿತು ಮೇಷ್ಟ್ರೇ, ನನ್ನ ಶನಿವಾರ. ಈಗ ಎಲ್ಲಿಗೆ ಹೋಗ್ಲಿ ಹೇಳಿ… ಕಾಲೂ ಏಳ್ತಿಲ್ಲ. ಇವತ್ತೊಂದು ದಿನ ಈ ಸ್ಟೂಲಿನ ಮೇಲೇ ಇರ್ತೀನಿ, ಸುಮ್ನೆ ಕೂತಿರ್ತೀನಿ…

ಆ ಕಾಗದ ಹರಿದು ಹಾಕಿ. ಅಲ್ಲ ಅಲ್ಲ, ವಾಪಸ್ ಕಳಿಸಬೇಕಂತೆ, ಅದರಲ್ಲಿ ‘ಸೋತಿದ್ದೇನೆ’ ಅನ್ನೋ ಒಂದು ಪದ ತಿದ್ದಬೇಕಂತೆ…

ಹಾಂ, ಕೊಡ್ತೀನಿ. ಅಪ್ಪಾ, ಸ್ಪೀಕರ್ ನಾನು ಹಾಕ್ತೀನಿ, ನೀವು ಮುಟ್ಟಬೇಡಿ. ಅದಲ್ಲ ಅಪ್ಪಾ, ಪಕ್ಕದ್ದು… ಆ ಕೆಂಪು ಗುಂಡಿ ಒತ್ತಿದ್ರೆ ಫೋನು ಕಟ್—